ಮೂರನೆಯ ಕೂಗು

ಇಪ್ಪತ್ತಮೂರನೆಯ ಸುತ್ತು ಇನ್ನೂ ಅರ್ಧ ಉಳಿದಿರುವಾಗ ಎತ್ತು ಮುಂಗಾಲು ಮಡಿಸಿತು. ಮೊದಲು ಮೊಣಕಾಲು, ಆಮೇಲೆ ಎದೆ, ಕೊನೆಗೆ ಇಡೀ ದೇಹವೇ ಮಣ್ಣಿಗೆ ಕುಸಿಯಿತು. ಹಿಂದೆ ಕಲ್ಲು ಹೇರಿದ್ದ ಗಾಲಿಯಿಲ್ಲದ ಬಂಡಿ ಕಿರ್ರೆಂದು ನಿಂತಿತು. ಮೂತಿಗೆ ಬಿಗಿದ ರಬ್ಬರಿನ ಮುಖವಾಡದಿಂದ ಹೊರಟ ಕೊಳವೆ ಬೆನ್ನಮೇಲಿನ ಚೀಲಕ್ಕೆ ಹೋಗಿತ್ತು. ಎತ್ತು ಬಿಟ್ಟ ಉಸಿರನ್ನೆಲ್ಲ ಆ ಚೀಲ ಒಂದಿಷ್ಟೂ ಪೋಲಾಗದಂತೆ ಕೂಡಿಡುತ್ತಿತ್ತು.

"ಬಿತ್ತು," ಎಂದ ಸುತ್ತು ಎಣಿಸುವ ಮೋಟಿ, ಕೈಯಲ್ಲಿದ್ದ ಗಡಿಯಾರದಿಂದ ಕಣ್ಣೆತ್ತದೆ. "ಕೂಗು ತುಫಾ. ಒಂದು."

ಎತ್ತುಗಳ ಕಸುವು ಅಳೆಯುವ ಈ ಕೇಂದ್ರದ ನಿಯಮ ಅದು. ಬಿದ್ದ ಎತ್ತನ್ನು ಅದನ್ನು ನಡೆಸುವವನೇ ಮೂರು ಸಲ ಕೂಗಬೇಕು. ಹೊಡೆಯುವಂತಿಲ್ಲ, ಬಾಲ ತಿರುಚುವಂತಿಲ್ಲ, ಬರೀ ಕೂಗು. ಎದ್ದರೆ ಮತ್ತೆ ಸುತ್ತು. ಮೂರನೆಯ ಕೂಗಿಗೂ ಏಳದಿದ್ದರೆ ಅದಕ್ಕೆ ನಿಜವಾಗಿ ಸುಸ್ತಾಗಿದೆ ಎಂದು ಬರೆದುಕೊಂಡು, ತೊಡೆಗೆ ಸೂಜಿ ಚುಚ್ಚಿ ಬೇಳೆಕಾಳಿನಷ್ಟು ಮಾಂಸ ತೆಗೆಯುತ್ತಾರೆ. ಆ ಮಾಂಸದೊಳಗೆ ಎಷ್ಟು ಸಕ್ಕರೆ ಉರಿದುಹೋಗಿದೆ, ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಗಾಣದ ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ. ಇಲ್ಲಿ ಬರುವುದು ಅಂಕಿ.

ತುಫಾ ಎತ್ತಿನ ಕಿವಿಯ ಬಳಿ ಬಗ್ಗಿದ. ಇಪ್ಪತ್ತನೆಯ ಸುತ್ತಿನಲ್ಲಿ ಅದು ಬಿದ್ದಾಗ ಒಂದೇ ಕೂಗಿಗೆ ಎದ್ದಿತ್ತು. ಈಗಲೂ ಏಳುತ್ತದೆ. ಅದು ಅವನಿಗೆ ಗೊತ್ತು. ಕಾಲು ಮುರಿದಿದ್ದರೂ ಅವನ ದನಿಗೆ ಅದು ಏಳುತ್ತದೆ. ಹಿಂಗಾಲಿನ ಮಾಂಸ ಚರ್ಮದ ಕೆಳಗೆ ತನ್ನಷ್ಟಕ್ಕೆ ಅದುರುತ್ತಿರುವುದು ಕಾಣುತ್ತಿತ್ತು.

"ದಲಾಚಾ!" ಎಂದು ಕೂಗಿದ.

ಎತ್ತು ಕಿವಿ ಇಳಿಬಿಟ್ಟಿತು.

"ಎರಡು."

"ದಲಾಚಾ! ಏಯ್, ದಲಾಚಾ!"

ಎತ್ತು ಗದ್ದವನ್ನು ನೆಲಕ್ಕೆ ಊರಿ ಕಣ್ಣು ಅರ್ಧ ಮುಚ್ಚಿತು. ಮೂರನೆಯ ಕೂಗಿಗೂ ಹಾಗೆಯೇ. ಮೋಟಿ ಗಡಿಯಾರ ನಿಲ್ಲಿಸಿ ಬರೆದ: ಹದಿನಾಲ್ಕನೆಯ ನಂಬರು, ಇಪ್ಪತ್ತೆರಡೂವರೆ ಸುತ್ತು. ಅವನಿಗೆ ಎತ್ತುಗಳು ನಂಬರಿನಿಂದಷ್ಟೇ ಗೊತ್ತು. ಹದಿನಾಲ್ಕನೆಯ ನಂಬರಿನ ಹೆಸರು ಮಗಾಲಾ, ಅಂದರೆ ಕಂದು, ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ತುಫಾ ಕೇಂದ್ರಕ್ಕೆ ಬಂದು ಮೂರು ವರ್ಷ. ಬಂದ ಎನ್ನುವುದಕ್ಕಿಂತ ಎತ್ತಿನ ಜೊತೆ ಸೇರಿಸಿ ತಂದರು ಎನ್ನುವುದೇ ಸರಿ. ಮಗಾಲಾ ಮತ್ತು ದಲಾಚಾ ಅವನ ಜೋಡಿ. ಒಂದು ಕಂದು, ಇನ್ನೊಂದು ಬೂದು. ಏಳು ವರ್ಷ ಒಂದೇ ನೊಗದಲ್ಲಿ ಬಾರ್ಲಿ ಹೊಲ ಉತ್ತವು. ಅರ್ಸಿ ಸೀಮೆಯ ಕರಿಮಣ್ಣು ಮಳೆಗಾಲದಲ್ಲಿ ನೇಗಿಲನ್ನು ಹಿಡಿದುಕೊಂಡರೆ ಬಿಡುವುದಿಲ್ಲ. ಆಗ ಉಳುವವನ ಬಾಯಿಯೇ ಅವನ ಚಾಟಿ. ಯಾವ ಎತ್ತು ಎಳೆಯಬೇಕೋ ಅದರ ಹೆಸರು ಹಿಡಿದು ಕೂಗಬೇಕು. ಮಗಾಲಾ ಎಂದರೆ ಮಗಾಲಾ ಎಳೆಯುತ್ತದೆ, ದಲಾಚಾ ಹೆಗಲು ಸಡಿಲಿಸಿ ಉಸಿರು ತೆಗೆದುಕೊಳ್ಳುತ್ತದೆ. ದಲಾಚಾ ಎಂದರೆ ಮಗಾಲಾಗೆ ಬಿಡುವು. ಹೀಗೆ ಸರದಿಯ ಮೇಲೆ ಕೂಗಿ ಕೂಗಿ ಹೊತ್ತು ಮುಳುಗುವವರೆಗೂ ಉಳುವವನೇ ಆ ಸೀಮೆಯಲ್ಲಿ ರೈತ. ಉಳಿದವರು ಬರೀ ಗಂಟಲಿನವರು.

ಆಮೇಲೆ ಒಂದು ಮಳೆಗಾಲದಲ್ಲಿ ದಲಾಚಾ ಹಸಿ ಹುಲ್ಲು ಮೇದು ಹೊಟ್ಟೆಯುಬ್ಬರಿಸಿ ಸತ್ತಿತು. ಒಂಟಿ ಎತ್ತಿಗೆ ನೊಗವಿಲ್ಲ. ಹೊಲವನ್ನು ಅವನ ತಮ್ಮನೇ ಪಾಲಿಗೆ ಹಿಡಿದ. ಅದೇ ಹೊತ್ತಿಗೆ ಕೇಂದ್ರದವರು ಊರೂರು ತಿರುಗುತ್ತ, ಒಂದೇ ಹದದಲ್ಲಿ ನಡೆಯುವ ಎತ್ತು, ಒಂದೇ ಹದದಲ್ಲಿ ನಡೆಸುವ ಮನುಷ್ಯ ಬೇಕು ಎಂದು ಕೇಳುತ್ತಿದ್ದರು. ಎರಡೂ ಒಂದೇ ಅಂಗಳದಲ್ಲಿ ಸಿಕ್ಕವು. ತುಫಾನಿಗೆ ಕೇಂದ್ರದ ಬೇಲಿಯೊಳಗೆ ಎರಡು ಕೋಣೆಯ ಮನೆ, ವರ್ಷ ವರ್ಷವೂ ಹೊಸದಾಗಿ ಬರೆದುಕೊಡುವ ಕೆಲಸ. ಮಗಾಲಾಗೆ ಕಿವಿಯಲ್ಲೊಂದು ಹಳದಿ ಬಿಲ್ಲೆ.

ಈ ಶನಿವಾರ ಅವನು ದಲಾಚಾ ಎಂದು ಕೂಗಿದ್ದು ಸುಳ್ಳೇನೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಎತ್ತಿಗೆ ಬಿಡುವು ಕೊಟ್ಟ, ಅಷ್ಟೆ. ಹೋದ ವರ್ಷ ಬೇಗ ಸುಸ್ತಾದ ಮೂರು ಎತ್ತುಗಳನ್ನು ಸುತ್ತಿನಿಂದ ಬಿಡಿಸಿ ಕೆಳಗಿನ ಹುಲ್ಲುಗಾವಲಿಗೆ ಅಟ್ಟಿದ್ದರು. ಈ ವರ್ಷ ಮಗಾಲಾ ಅಲ್ಲಿಗೆ ಹೋಗಲಿ, ಮೇಯಲಿ, ನೊಣ ಹೊಡೆದುಕೊಂಡು ಮುದಿಯಾಗಲಿ. ಅಂದು ಸಂಜೆ ಅವನು ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡ.

ಸೋಮವಾರ ಬೆಳಿಗ್ಗೆ ಮೋಟಿ ಕೊಟ್ಟಿಗೆಯ ಬಾಗಿಲಿಗೆ ಪಟ್ಟಿ ಅಂಟಿಸಿದ. ತುಫಾನಿಗೆ ಅಂಕಿ ಓದಲು ಬರುತ್ತದೆ, ಅಕ್ಷರ ಬರುವುದಿಲ್ಲ. ಹದಿನಾಲ್ಕರ ಮುಂದೆ ಇದ್ದ ಉದ್ದನೆಯ ಸಾಲನ್ನು ತೋರಿಸಿ ಕೇಳಿದ: "ಇದೇನು, ಹುಲ್ಲುಗಾವಲಾ?"

"ಹುಲ್ಲುಗಾವಲು ಎಲ್ಲಿಂದ ಬಂತು ಮಾರಾಯಾ? ಕಡೇ ಮಾದರಿ ಅಂತ ಬರ್ದಿದೆ. ಗುರುವಾರ."

"ಹಂಗಂದ್ರೆ?"

ಮೋಟಿ ಕೊರಳ ಕೆಳಗೆ ಹೆಬ್ಬೆರಳು ಎಳೆದು ತೋರಿಸಿದ. ಮೂರು ಹಲ್ಲಿಲ್ಲದ ಬಾಯಲ್ಲಿ ಅವನು ಏನು ಹೇಳಿದರೂ ತಮಾಷೆಯಂತೆ ಕೇಳಿಸುತ್ತದೆ. ಆದರೆ ಇದು ತಮಾಷೆಯಲ್ಲ. "ಈ ವರ್ಷ ಲೆಕ್ಕ ಬೇರೆ ಕಣಯ್ಯಾ. ಬೇಗ ಸುಸ್ತಾಗೋದ್ಯಾಕೆ ಅಂತ ನೋಡ್ಬೇಕಂತೆ ಡಾಕ್ಟ್ರಮ್ಮಂಗೆ. ಸೂಜೀಲಿ ತೆಗ್ಯೋ ಚೂರು ಸಾಲ್ದು. ಕಮ್ಮಿ ಸುತ್ತಿದ ಮೂರು ಎತ್ತಿನ ತೊಡೆ ಪೂರ್ತಿ ಬೇಕಂತೆ, ತೂಗೋಕೆ, ಪದರ ಪದರ ಬಿಡಿಸಿ ನೋಡೋಕೆ. ಏಳು, ಎರಡು, ಹದಿನಾಲ್ಕು."

"ಯಾರೂ ನಂಗೆ ಹೇಳ್ಲಿಲ್ವಲ್ಲ!"

"ಹೇಳಿದ್ರೆ ನೀನೇನ್ ಮಾಡ್ತಿದ್ದೆ? ಕೂಗೋದು ನಿನ್ ಕೆಲ್ಸ, ಏಳೋದು ಅದ್ರ ಕೆಲ್ಸ."

ತುಫಾ ಕೊಟ್ಟಿಗೆಯೊಳಗೆ ಹೋದ. ಮಗಾಲಾ ಗೋದಲಿಯಲ್ಲಿ ಮೂತಿ ಇಟ್ಟು ಹೊಟ್ಟು ತಿನ್ನುತ್ತಿತ್ತು. ಶನಿವಾರದ ಸೂಜಿಯ ಜಾಗದಲ್ಲಿ ಕೂದಲು ಬೋಳಿಸಿದ ಒಂದು ಚೌಕ, ಅದರ ನಡುವೆ ಒಣಗಿದ ಕಪ್ಪು ಚುಕ್ಕೆ. ಅವನು ಆ ಚೌಕವನ್ನು ಬೆರಳಿನಿಂದ ಮುಟ್ಟಿ ನೋಡಿದ. ಮಗಾಲಾನನ್ನು ಕಟುಕರ ಪಟ್ಟಿಗೆ ಸೇರಿಸಿದ್ದು ಡಾಕ್ಟರಮ್ಮನಲ್ಲ, ಮೋಟಿಯಲ್ಲ, ತಾನು. ನಿಜ ಹೇಳಿದರೆ ಪರೀಕ್ಷೆಯನ್ನೇ ಕೆಡಿಸಿದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೇಳದಿದ್ದರೆ ಗುರುವಾರ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಗತಿ ಅವನದು.

ಮಧ್ಯಾಹ್ನ ಹೆಂಡತಿ ಲೋಮಿ ಉಪ್ಪು ಹಾಕಿದ ಕಾಫಿ ಬಗ್ಗಿಸಿ ಮುಂದಿಟ್ಟಳು. ಅವನು ಬಟ್ಟಲನ್ನು ಮುಟ್ಟಲಿಲ್ಲ. ಎರಡನೆಯ ಬಟ್ಟಲೂ ಆರಿತು. ಆಗ ಅವಳು ಜರಡಿಯನ್ನು ಕೆಳಗಿಟ್ಟು ಎದುರಿಗೆ ಕುಳಿತಳು.

"ಏನಾಯ್ತು ಬೋಂತು ಅಪ್ಪಾ? ಕಾಫಿ ಬಿಟ್ಟೋರು ಒಂದೋ ಸಾಯ್ತಾರೆ, ಇಲ್ಲಾ ಸುಳ್ಳು ಹೇಳಿರ್ತಾರೆ."

ಬೋಂತು ಅವರ ಮದುವೆಯಾಗಿ ಹೋದ ಮಗಳು. ಗಂಡನ ಹೆಸರು ಹಿಡಿಯುವ ವಾಡಿಕೆ ಲೋಮಿಗೆ ಇಲ್ಲ. ಅವನು ಎಲ್ಲವನ್ನೂ ಹೇಳಿದ. ಅವಳು ಮೊದಲು ನಕ್ಕಳು. "ಸತ್ತ ಎತ್ತಿನ ಹೆಸರಲ್ಲಿ ಕೂಗಿದ್ರಾ? ಅದು ಪಾಪ, ದಲಾಚಾ ಪಕ್ಕದಲ್ಲೇ ಎಳೀತಾ ಇದೆ ಅಂದ್ಕೊಂಡು ಮಲಗಿರ್ಬೇಕು." ಹೇಳಿದ ಮಾತು ಅವಳಿಗೇ ತಟ್ಟಿತು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೇಳಿದ್ರೆ ಮನೆ ಹೋಗುತ್ತೆ ಲೋಮಿ."

"ಹೋಗ್ಲಿ. ನಿಮ್ ತಮ್ಮನ ಅಂಗಳದಲ್ಲಿ ಅವ್ನ ಹೆಂಡ್ತಿ ಕೈಲಿ ಅನ್ನಿಸ್ಕೊಂಡು ಇರೋಣ. ಇರೋಕಾಗಲ್ಲ ಅಂತ ನಂಗೂ ಗೊತ್ತು. ಆದ್ರೆ ಗುರುವಾರ ಆದ್ಮೇಲೆ ನೀವು ನನ್ ಮುಂದೆ ಹಿಂಗೇ ಕೂತಿರ್ತೀರಲ್ಲ, ಅದನ್ನ ನೋಡೋಕೂ ನಂಗಾಗಲ್ಲ. ನಾಲಿಗೇಲಿ ಹಾಕಿದ ಗಂಟು, ನಾಲಿಗೇಲೇ ಬಿಚ್ಚಿ. ಏಳಿ."

ಪರೀಕ್ಷೆ ನಡೆಸುವ ಡಾಕ್ಟರ್ ಸೆನಾಯ್ತ್ ಅಡಿಸ್ ಅಬಾಬಾದವಳು. ಮೂವತ್ತೈದರ ಹೆಂಗಸು, ಕಣ್ಣ ಕೆಳಗೆ ಅರುವತ್ತರ ನೆರಳು. ತಿಂಗಳ ಕೊನೆಗೆ ವರದಿ ಹೋಗದಿದ್ದರೆ ಪರೀಕ್ಷೆಯೇ ನಿಲ್ಲುತ್ತದೆ, ಕೊಟ್ಟಿಗೆಗೆ ಬೀಗ ಬೀಳುತ್ತದೆ ಎನ್ನುವುದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ತುಫಾನ ಮಾತನ್ನು ಪೂರ್ತಿ ಕೇಳಿದಳು. ಅರ್ಥವಾಗದೆ ಇನ್ನೊಮ್ಮೆ ಹೇಳಿಸಿದಳು.

"ತುಫಾ ಅವ್ರೇ, ಎತ್ತಿಗೆ ಅದ್ರ ಹೆಸ್ರು ಗೊತ್ತಾಗುತ್ತಾ?"

"ನಿಮ್ಗೆ ನಿಮ್ ಹೆಸ್ರು ಗೊತ್ತಾಗುತ್ತಲ್ಲ, ಹಂಗೇ."

"ಬೇರೆ ಹೆಸ್ರು ಕೂಗಿದ್ರೆ ಏಳಲ್ವಾ?"

"ಏಳಲ್ಲ ಅಂತಲ್ಲ ಡಾಕ್ಟ್ರಮ್ಮ. ಬೇರೆ ಹೆಸ್ರು ಅಂದ್ರೆ ಅದಕ್ಕೆ 'ನೀನು ಸುಧಾರಿಸ್ಕೋ' ಅಂತ. ನಾನೇ ಕಲ್ಸಿದ್ದು."

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮೂರು ವರ್ಷದಿಂದ ಅವಳು ಉಸಿರು ಅಳೆದಿದ್ದಳು, ರಕ್ತದ ಹುಳಿ ಅಳೆದಿದ್ದಳು, ಮಾಂಸದ ಸಕ್ಕರೆ ಅಳೆದಿದ್ದಳು. ಕೂಗನ್ನು ಅಳೆದಿರಲಿಲ್ಲ. "ಬೇರೆ ಎತ್ತುಗಳಿಗೂ ಹೀಗೆ ಮಾಡಿದೀರಾ? ನಿಜ ಹೇಳಿ."

"ನನ್ ಮಗಳಾಣೆ, ಇಲ್ಲ. ಇದೊಂದೇ. ಶನಿವಾರ ಒಂದಿನವೇ."

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಸಲೀಸಾಗಿರುತ್ತಿತ್ತು. ಅವಳು ಪಟ್ಟಿಯನ್ನು ಎಳೆದುಕೊಂಡು ಪೆನ್ನಿನಿಂದ ಒಂದೊಂದೇ ಸಾಲು ಮುಟ್ಟುತ್ತ ಹೋದಳು.

"ನೋಡಿ, ನಿಮ್ಮನ್ನ ಕಳ್ಸಿದ್ರೆ ನನ್ ಪರೀಕ್ಷೆ ನಿಂತುಹೋಗುತ್ತೆ. ಹೊಸಬ್ರು ಕಲಿಯೋಷ್ಟು ದಿನ ನನ್ ಹತ್ರ ಇಲ್ಲ. ಹದಿನಾಲ್ಕನೇದನ್ನ ಬುಧವಾರ ಬೆಳಿಗ್ಗೆ ಮತ್ತೆ ನಡ್ಸಿ. ಸರಿಯಾದ ಹೆಸ್ರಲ್ಲಿ. ಅದಕ್ಕಿಂತ ಮೇಲಿರೋದು ಒಂಬತ್ತನೇ ನಂಬರು, ಇಪ್ಪತ್ತೊಂಬತ್ತು ಸುತ್ತು. ಅದನ್ನ ದಾಟಿದ್ರೆ ನಿಮ್ ಎತ್ತು ಪಟ್ಟಿಯಿಂದ ಹೊರಗೆ."

"ಒಂಬತ್ತು?"

"ಅದು ಒಳಗೆ. ಮೂರು ಬೇಕಲ್ಲ."

"ಇಪ್ಪತ್ತೊಂಬತ್ತು ದಾಟಿದ್ ತಕ್ಷಣ ನಿಲ್ಲಿಸ್ಬೋದಾ?"

"ಹೇಗಾಗುತ್ತೆ? ಈ ಸಲ ನಾನೇ ಬಂದು ನಿಲ್ತೀನಿ. ಮೂರು ಕೂಗಿಗೆ ಏಳದೇ ಇರೋವರೆಗೂ ನಡೀಬೇಕು. ನಿಯಮ ಒಂದೇ, ಎಲ್ಲದಕ್ಕೂ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿದ್ದೆ ಕಡಿಮೆಯಾದವರ ತಾಳ್ಮೆ ಇತ್ತು. "ಈಗ ನಿಜವಾದ ಅಂಕಿ ಬಿಟ್ಟು ನಮ್ಮಿಬ್ಬರನ್ನೂ ಉಳಿಸೋದು ಇನ್ನೇನೂ ಇಲ್ಲ."

ಬುಧವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಮಗಾಲಾಗೆ ಮುಖವಾಡ ಬಿಗಿದರು. ಸೆನಾಯ್ತ್ ಛತ್ರಿ ಹಿಡಿದು ಒಂದು ಸ್ಟೂಲಿನ ಮೇಲೆ ಕುಳಿತಳು. ಮೋಟಿ ಗಡಿಯಾರ ಒತ್ತಿದ. ಮೊದಲ ಹತ್ತು ಸುತ್ತು ಎತ್ತು ಮದುವೆಗೆ ಹೊರಟಂತೆ ನಡೆಯಿತು. ತುಫಾ ಪಕ್ಕದಲ್ಲಿ ಹೆಜ್ಜೆ ಹಾಕುತ್ತ, ಉಳುವಾಗಿನ ಮಾತುಗಳನ್ನೆಲ್ಲ ಆಡಿದ. ಹೆಗಲಿನವನೇ, ಕರಿಮಣ್ಣಿನ ದೊರೆಯೇ, ನಿನ್ನ ತಾಯಿ ಹಾಲು ಕಡಿಮೆ ಕೊಟ್ಟಿಲ್ಲ, ನಡಿ. ಹದಿನೆಂಟರಲ್ಲಿ ಬೆವರಿನ ನೊರೆ ಎದೆಪಟ್ಟಿಯ ಸುತ್ತ ಬೆಳ್ಳಗೆ ಕಟ್ಟಿತು. ಇಪ್ಪತ್ತೆರಡೂವರೆ ಯಾರಿಗೂ ಗೊತ್ತಾಗದಂತೆ ಕಳೆದುಹೋಯಿತು.

ಇಪ್ಪತ್ತಾರರಲ್ಲಿ ಅದು ಮೊದಲ ಸಲ ಬಿತ್ತು.

"ಒಂದು," ಎಂದ ಮೋಟಿ.

"ಮಗಾಲಾ!"

ಎತ್ತು ಎದ್ದಿತು. ಇಪ್ಪತ್ತೆಂಟರಲ್ಲಿ ಬಿದ್ದು ಎರಡನೆಯ ಕೂಗಿಗೆ ಎದ್ದಿತು. ಮೂವತ್ತನೆಯ ಸುತ್ತಿನ ಗೂಟ ದಾಟಿದಾಗ ಮೋಟಿ ನಂಬರನ್ನು ಸ್ವಲ್ಪ ಜೋರಾಗಿಯೇ ಹೇಳಿದ. ಉಳಿಯಿತು. ತುಫಾನಿಗೆ ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು. ಅವನ ಕಣ್ಣು ತಾನಾಗಿಯೇ ಕೊಟ್ಟಿಗೆಯ ಕಡೆ ಹೋಯಿತು. ಅಲ್ಲಿ ಒಂಬತ್ತನೆಯ ನಂಬರು, ಒಂದು ಕೊಂಬು ಮುರಿದ ಕೆಂಪು ಎತ್ತು, ಬೇಲಿಗೆ ಕುತ್ತಿಗೆ ಉಜ್ಜುತ್ತ ನಿಂತಿತ್ತು. ಅವನು ಬೇಗ ಮುಖ ತಿರುಗಿಸಿದ.

ಇನ್ನು ಬಿದ್ದರೆ ಸಾಕು, ಏಳದಿದ್ದರೆ ಸಾಕು. ಮೂವತ್ತಮೂರರಲ್ಲಿ ಬಿತ್ತು. ಮೊದಲ ಕೂಗನ್ನು ಅವನು ಮೆಲ್ಲಗೆ ಕೂಗಿದ.

"ತುಫಾ ಅವ್ರೇ, ಎಲ್ಲಾ ಕೂಗೂ ಒಂದೇ ಸಮ ಇರ್ಬೇಕು," ಎಂದಳು ಸೆನಾಯ್ತ್ ಛತ್ರಿಯ ಕೆಳಗಿನಿಂದ.

"ಮಗಾಲಾ!"

ಎದ್ದಿತು. ಮೂವತ್ತಾರರಲ್ಲಿ ಎದ್ದಿತು. ಮೂವತ್ತೆಂಟರಲ್ಲಿ ಎದೆ ನೆಲಕ್ಕಪ್ಪಳಿಸಿ ಬಿದ್ದು, ಎರಡು ಕೂಗಿಗೆ ಬರೀ ಕಿವಿ ಆಡಿಸಿತು. ಮೋಟಿ ಪೆನ್ನಿನ ಟೋಪಿ ತೆಗೆದ. ಮೂರನೆಯ ಕೂಗಿಗೆ ತುಫಾನ ಗಂಟಲು ಒಡೆದುಹೋಯಿತು. ಹೊರಟದ್ದು ಹೆಸರೋ ಅಳುವೋ ಅವನಿಗೇ ತಿಳಿಯಲಿಲ್ಲ. ಎತ್ತಿಗೆ ತಿಳಿಯಿತು. ಹಿಂಗಾಲು ಜಾರಿಸಿ, ಮತ್ತೆ ಊರಿ, ನಡುಗುತ್ತ ಎದ್ದು ನಿಂತಿತು. ನಿಂತು, ಯಾರೂ ಹೇಳದೆಯೇ ಹೆಜ್ಜೆ ಇಟ್ಟಿತು.

"ಏಳ್ಬೇಡ್ವೋ, ಸಾಕು ಕಣೋ," ಎಂದು ತುಫಾ ಒಳಗೇ ಅಂದುಕೊಂಡ. ಬಾಯಿ ಮಾತ್ರ ನಡಿ ನಡಿ ಎನ್ನುತ್ತಲೇ ಇತ್ತು. ಒಂದು ಕ್ಷಣ ದಲಾಚಾ ಎನ್ನುವ ಹೆಸರು ನಾಲಿಗೆಯ ತುದಿಗೆ ಬಂತು. ಸೆನಾಯ್ತ್ ಅವನ ತುಟಿಯನ್ನೇ ನೋಡುತ್ತಿದ್ದಳು. ನುಂಗಿಕೊಂಡ.

ನಲವತ್ತೊಂದನೆಯ ಸುತ್ತಿನ ಕೊನೆಯಲ್ಲಿ ಮಗಾಲಾ ಪಕ್ಕಕ್ಕೆ ಉರುಳಿತು. ಒಂದು. ಎರಡು. ಮೂರು. ಏಳಲು ಅದು ನೋಡಿತು. ಮುಂಗಾಲು ಎರಡು ಸಲ ಗಾಳಿಯನ್ನು ಕೆದಕಿ ಸುಮ್ಮನಾಯಿತು.

"ನಲವತ್ತೊಂದು!" ಮೋಟಿ ಗಡಿಯಾರವನ್ನು ತಲೆಯ ಮೇಲೆತ್ತಿ ತೋರಿಸಿದ. "ಇಲ್ಲೀವರೆಗೆ ಯಾವ ಎತ್ತೂ ಮೂವತ್ತೈದು ದಾಟಿಲ್ಲ ಡಾಕ್ಟ್ರೇ!"

ಸೆನಾಯ್ತ್ ಛತ್ರಿಯನ್ನು ನೆಲಕ್ಕೆ ಬಿಟ್ಟು ಓಡಿಯೇ ಬಂದಳು. ಮೂರು ವರ್ಷದಲ್ಲಿ ಅವಳು ನಕ್ಕಿದ್ದನ್ನು ತುಫಾ ನೋಡಿರಲಿಲ್ಲ. ಅವನ ಎರಡೂ ಕೈ ಹಿಡಿದುಕೊಂಡಳು. "ನೀವು ಬಂದು ಹೇಳಿದ್ದಕ್ಕೆ ನಾನು ಎಷ್ಟು ಋಣಿ ಅಂತ ನಿಮ್ಗೆ ಗೊತ್ತಿಲ್ಲ. ಇಂಥ ಎತ್ತನ್ನ ಕಡಿದುಹಾಕ್ತಿದ್ವಲ್ಲ! ಇದು ಮುಂದಿನ ವರ್ಷಕ್ಕೆ ಬೇಕು. ಅರ್ಧ ಮೇವಿನ ಗುಂಪಿಗೆ ಇದನ್ನೇ ಮೊದಲು ಹಾಕ್ತೀನಿ. ಮೇವು ಕಡಿಮೆ ಮಾಡಿದ್ರೆ ನಲವತ್ತೊಂದು ಎಷ್ಟಕ್ಕೆ ಇಳಿಯುತ್ತೆ ನೋಡೋಣ. ಅದ್ರ ಮುಂದಿನ ವರ್ಷ ಇನ್ನೂ ಅರ್ಧ." ಉಸಿರು ತೆಗೆದುಕೊಂಡಳು. "ನಿಮ್ ಕೆಲ್ಸಾನೂ ಖಾಯಂ ಮಾಡೋಕೆ ಇವತ್ತೇ ಬರೀತೀನಿ. ಇದು ಏಳೋದು ನಿಮ್ ದನಿಗೆ ಮಾತ್ರ ಅಂತ ನಾನೇ ಕಣ್ಣಾರೆ ಕಂಡೆ. ಇದು ಇರೋವರೆಗೂ ನೀವು ಇಲ್ಲೇ. ಆಗಬಹುದಲ್ವಾ?"

ಬೇಡ ಎನ್ನಲು ತುಫಾ ಬಾಯಿ ತೆರೆದ. ಗಂಟಲಿನಿಂದ ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ತೆರೆದ. ಸಂತೋಷಕ್ಕೆ ಮಾತು ಕಟ್ಟಿತು ಎಂದುಕೊಂಡ ಸೆನಾಯ್ತ್ ಅವನ ತೋಳು ತಟ್ಟಿ, ಸೂಜಿಯ ಪೆಟ್ಟಿಗೆ ತರಲು ಮೋಟಿಗೆ ಸನ್ನೆ ಮಾಡಿದಳು.

ಮೋಟಿ ಮುಖವಾಡ ಬಿಚ್ಚಿ ತೊಡೆಯ ಮೇಲೆ ಹೊಸದೊಂದು ಚೌಕ ಬೋಳಿಸತೊಡಗಿದ. ತುಫಾ ನೆಲಕ್ಕೆ ಕುಳಿತು ಎತ್ತಿನ ತಲೆಯನ್ನು ಮಡಿಲಿಗೆ ಎಳೆದುಕೊಂಡ. ಸೂಜಿ ಕಾಣದಿರಲೆಂದು ಒಂದು ಅಂಗೈಯನ್ನು ಅದರ ಕಣ್ಣಿನ ಮೇಲಿಟ್ಟ. ಇನ್ನೊಂದು ಕೈ ಅದರ ಮೂತಿಯ ಹತ್ತಿರವೇ ಇತ್ತು. ಮಗಾಲಾ ನಾಲಿಗೆ ಚಾಚಿ ಅವನ ಮುಂಗೈಯ ಬೆವರಿನ ಉಪ್ಪನ್ನು ನೆಕ್ಕಿತು. ಗರಗರ ನಾಲಿಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನೆಕ್ಕಿ ಚರ್ಮ ಕೆಂಪಾಯಿತು. ಅವನು ಕೈ ತೆಗೆಯಲಿಲ್ಲ.